ಗುಡಾರದ ಇರುಳು, ದೇವರ ನೆಲೆ

ಪರದೇಶದಲ್ಲಿ ನೆಲೆಸಿದವರು ರಜೆಯಲ್ಲಿ ಗೆಳೆಯರೊಡನೆ ಕಾಡಿನಲ್ಲಿ ಗುಡಾರ ಹಾಕಿ ತಂಗುವುದು ಬರೀ ವಿಹಾರವೇ, ಅದರಲ್ಲಿ ತೀರ್ಥಯಾತ್ರೆಯ ಅಂಶವೂ ಉಂಟೇ? ಈ ಪ್ರಶ್ನೆಗೆ ಕ್ಯಾಲಿಫೋರ್ನಿಯಾದ ಯೊಸೆಮಿಟಿ ಕಣಿವೆ ತಕ್ಕ ನಿದರ್ಶನ. 1868ರಲ್ಲಿ ಅಲ್ಲಿಗೆ ಬಂದ ನಿಸರ್ಗ ಲೇಖಕ ಜಾನ್ ಮ್ಯೂರ್ ತಾವೇ ವಲಸಿಗರು. ಸ್ಕಾಟ್ಲೆಂಡಿನಲ್ಲಿ ಹುಟ್ಟಿ 1849ರಲ್ಲಿ ಅಮೆರಿಕ ಸೇರಿದವರು. ಕಟ್ಟುನಿಟ್ಟಾದ ಕ್ರೈಸ್ತ ಮನೆಯಲ್ಲಿ ಬೆಳೆದ ಅವರಿಗೆ ಅಲ್ಲಿನ ಬಂಡೆಗಳೇ ದೇವಾಲಯವಾದವು. 1903ರಲ್ಲಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಅವರೊಡನೆ ಅಲ್ಲಿ ಮೂರು ರಾತ್ರಿ ಕಳೆದರು.

ಕಾಡಿನಲ್ಲಿ ದೇವರನ್ನು ಕಾಣುವುದು ಭಾರತೀಯ ಚಿಂತನೆಗೆ ಹೊಸದಲ್ಲ. ವೇದಗಳ ಭಾಗವಾದ ಆರಣ್ಯಕಗಳು ಊರಾಚೆ ಕಲಿಯಬೇಕಾದ ಪಾಠಗಳು. ಆದರೆ ವಾನಪ್ರಸ್ಥ ಹಿಡಿದವನು ಸೋಮವಾರ ಕಚೇರಿಗೆ ಮರಳುವುದಿಲ್ಲ. 12ನೆಯ ಶತಮಾನದ ಶರಣರಲ್ಲಿ ಎರಡೂ ದಾರಿಗಳಿದ್ದವು: ಬಸವಣ್ಣನವರು ದೇಹವನ್ನೇ ದೇಗುಲವೆಂದರು, ಅಕ್ಕಮಹಾದೇವಿ ಶ್ರೀಶೈಲದ ಕಾಡಿಗೆ ನಡೆದರು. ಶಿಬಿರದ ನಿಜವಾದ ಸಾಧನೆ ಮೊದಲನೆಯದಕ್ಕೇ ಹತ್ತಿರ. ನೀರು ಹೊರುವುದು, ಒಲೆ ಹೊತ್ತಿಸುವುದು, ಹಂಚಿ ಉಣ್ಣುವುದು, ಕರಡಿಗಳಿಗೆ ಸಿಗದಂತೆ ಆಹಾರವನ್ನು ಕಬ್ಬಿಣದ ಪೆಟ್ಟಿಗೆಯಲ್ಲಿ ಬೀಗ ಹಾಕಿ ಇಡುವುದು. ಬಂಧುಗಳಿಂದ ದೂರವಿದ್ದವರಿಗೆ ಗೆಳೆಯರೇ ಬಂಧುಗಳಾಗುವುದು, ಮನುಷ್ಯ ಅಲ್ಲಿ ಅತಿಥಿ ಮಾತ್ರ ಎಂದು ಮನವರಿಕೆಯಾಗುವುದು ಈ ಕೆಲಸಗಳಲ್ಲೇ.

ಆದರೆ ನಿರ್ಜನವಾದುದೇ ಪವಿತ್ರ ಎಂಬ ನಂಬಿಕೆಯನ್ನು ಒಪ್ಪಲಾಗದು. ಯೊಸೆಮಿಟಿ ಕಣಿವೆ ನಿರ್ಜನವಾಗಿರಲಿಲ್ಲ. ಅಲ್ಲಿ ಬಾಳುತ್ತಿದ್ದ ಅಹ್ವಾನೀಚಿ ಜನರನ್ನು 1851ರಲ್ಲಿ ಸಶಸ್ತ್ರ ಪಡೆಯೊಂದು ಹೊರದಬ್ಬಿತು. ಮರಳಿ ಬಂದವರ ವಸತಿಯನ್ನೂ 1969ರ ಹೊತ್ತಿಗೆ ತೆರವುಗೊಳಿಸಲಾಯಿತು. ಇದನ್ನು ನೆನೆಯದ ಆರಾಧನೆ ಅಪೂರ್ಣ.