ಪುಕ್ಕಟೆಯ ಬೆಲೆ

ಹೋದ ದೀಪಾವಳಿಗೆ ಸಾಸ್ವೆಹಳ್ಳಿಯಿಂದ ದಾವಣಗೆರೆಗೆ ಹೋಗಿ, ಕ್ರೆಡಿಟ್ ಕಾರ್ಡಿನ ಪಾಯಿಂಟುಗಳ ಆಸೆಗೆ 4,000 ರೂಪಾಯಿಯ ಬೇಡದ ಸೀರೆ ಕೊಂಡೆ. ನನ್ನ ಕಾರ್ಡಿಗೆ 100 ರೂಪಾಯಿಗೊಂದು ಪಾಯಿಂಟು, ಪಾಯಿಂಟಿಗೆ 25 ಪೈಸೆ. ಸಿಕ್ಕಿದ್ದು ಹತ್ತೇ ರೂಪಾಯಿ! ಬಿಲ್ಲು ಕಟ್ಟುವುದು ತಡವಾಗಿದ್ದರೆ ತಿಂಗಳಿಗೆ ನೂರಕ್ಕೆ ಮೂರೂವರೆಯಷ್ಟು ಬಡ್ಡಿ.

ಆ ಹತ್ತಾದರೂ ಎಲ್ಲಿಂದ ಬಂತು? ಅಂಗಡಿಯವರು ಬ್ಯಾಂಕಿಗೆ ಕೊಡುವ ಕಮಿಷನ್ನಿನಿಂದ, ಬಾಕಿ ಉಳಿಸಿಕೊಂಡವರ ಬಡ್ಡಿಯಿಂದ. ಕಮಿಷನ್ ಬೆಲೆಯಲ್ಲಿ ಸೇರಿದರೆ, ನೋಟು ಎಣಿಸಿ ಕೊಡುವ ಕೂಲಿಯವಳೂ ಅದಕ್ಕೆ ಪಾಲು ಕೊಟ್ಟಂತೆಯೇ.

ಈಗ ಬೇಕಾದ ದಿನಸಿಗಷ್ಟೇ ಕಾರ್ಡು. ಗಡುವಿನೊಳಗೆ ಪೂರ್ತಿ ಹಣ ಕಟ್ಟುತ್ತೇನೆ. ಪಾಯಿಂಟುಗಳ ಅವಧಿ ಮುಗಿಯುವ ಮೊದಲೇ ಬಿಲ್ಲಿನಲ್ಲಿ ವಜಾ ಮಾಡಿಸಿಕೊಳ್ಳುತ್ತೇನೆ. ಉಳಿದ ಪುಡಿಗಾಸು ಶಾಲೆಯ ಬಡಮಕ್ಕಳ ನೋಟ್‌ಬುಕ್ಕಿಗೆ. ಅದು ಪೂರ್ತಿ ನನ್ನದಲ್ಲವಲ್ಲ.