ಮಾತೂ ಬರೆಹವೂ

ಸಜ್ಜನರ ನಡುವೆ ಮಾತೇ ಸಾಲದೆ, ಪತ್ರವೇಕೆ ಎಂದು ಕೇಳುವವರುಂಟು. ಹಣ ಸಂದೊಡನೆ ಪಾನೀಯವನ್ನೋ ತಿಂಡಿಯನ್ನೋ ತಾನೇ ನೀಡುವ ಮಾರಾಟಯಂತ್ರವನ್ನು ದೃಷ್ಟಾಂತವಾಗಿ ತೆಗೆದುಕೊಳ್ಳಬಹುದು. ಯಂತ್ರವು ಒಬ್ಬನದು, ಅದು ನಿಲ್ಲುವ ಸ್ಥಳವು ಮತ್ತೊಬ್ಬನದು. ವಿದ್ಯುತ್ತಿನ ವೆಚ್ಚ ಯಾರದು, ಲಾಭದಲ್ಲಿ ಪಾಲೆಷ್ಟು, ಯಂತ್ರವು ಕೆಟ್ಟರೆ ಹೊಣೆ ಯಾರು, ತೆರವಿಗೆ ಎಷ್ಟು ದಿನದ ಸೂಚನೆ ಎಂಬಿವನ್ನು ಬಾಯಿಮಾತಿನಲ್ಲಿಯೇ ಒಪ್ಪಬಹುದು. 1872ರ ಭಾರತೀಯ ಕರಾರು ಕಾಯಿದೆಯು ಸಾಮಾನ್ಯವಾಗಿ ಅಂತಹ ಒಪ್ಪಂದವನ್ನೂ ಮನ್ನಿಸುತ್ತದೆ.

ಆದರೆ ಮನುಷ್ಯನು ವಂಚಕನಲ್ಲದಿದ್ದರೂ ಮರೆಯುವವನು, ಮರೆಯದಿದ್ದರೂ ಮರ್ತ್ಯನು. ಯಾಜ್ಞವಲ್ಕ್ಯಸ್ಮೃತಿಯು ಬರೆಹ, ಭೋಗ, ಸಾಕ್ಷಿ ಎಂಬ ಮೂರನ್ನು ಪ್ರಮಾಣಗಳೆಂದು ಎಣಿಸಿದೆ. ಸಾಕ್ಷಿಯೂ ಒಂದು ದಿನ ಇಲ್ಲವಾಗುವನು, ಪತ್ರವು ಉಳಿಯುವುದು.

ಹಾಗೆಂದು ಪತ್ರವು ಸರ್ವಶಕ್ತವಲ್ಲ. ಯಂತ್ರವು ಕೇವಲ ಅನುಮತಿಯಿಂದ ನಿಂತಿದ್ದು, ಒಡೆಯನು ಆ ಸ್ಥಳವನ್ನು ಮಾರಿದರೆ, 1882ರ ಈಸ್‌ಮೆಂಟ್ ಕಾಯಿದೆಯ 59ನೆಯ ಕಲಮಿನಂತೆ ಕೊಂಡವನು ಆ ಅನುಮತಿಗೆ ಬದ್ಧನಲ್ಲ. ಸಾಲ ಮಾಡಿ ಯಂತ್ರವನ್ನಿಟ್ಟವನ ಜೀವನಕ್ಕೆ ಆಗ ಕುತ್ತು ಬಂದೀತು. ಮಾರುವ ಮೊದಲೇ ತಿಳಿಸತಕ್ಕದ್ದೆಂದು ಪತ್ರದಲ್ಲಿ ಬರೆದಿರುವುದು ವಿವೇಕ. ಬರೆಯದಿದ್ದರೂ ತಿಳಿಸುವುದು ಧರ್ಮ.

ಬರೆಹವು ವಿಶ್ವಾಸವೆಂಬ ಬೆಳೆಗೆ ಬೇಲಿ. ಬೇಲಿಯು ಭದ್ರವಾಗಿದೆಯೆಂದು ಬೆಳೆಗೆ ನೀರೆರೆಯದಿರುವುದು ಸಲ್ಲದು.