ನುಂಗುವುದೋ ಉಗಿಯುವುದೋ

ವೈನ್ ಟೇಸ್ಟಿಂಗಿಗೆ ಮೊದಲ ಸಲ ಹೋದಾಗ ನನಗೆ ಅರ್ಥವಾಗದೆ ಹೋಗಿದ್ದು ಮೇಜಿನ ಮೇಲಿದ್ದ ಸ್ಟೀಲ್ ಬಕೆಟ್ಟು. ಐಸಿಗೆ ಇರಬೇಕು ಅಂದ್ಕೊಂಡೆ. ಪಕ್ಕದವರು ಒಂದು ಗುಟುಕು ವೈನ್ ಬಾಯಿಗೆ ಹಾಕಿಕೊಂಡು, ಎರಡೂ ಕೆನ್ನೆಗೆ ಓಡಾಡಿಸಿ, ಅದರೊಳಗೆ ಪಿಚಕ್ ಅಂತ ಉಗಿದರು. ಪೀಕದಾನಿ! ನಮ್ಮ ತಾತನ ಹತ್ತಿರವೂ ಹಿತ್ತಾಳೇದೊಂದು ಇತ್ತು, ಎಲೆ ಅಡಿಕೆ ಉಗಿಯೋಕೆ. ಆತ ಅದಕ್ಕೆ 3,500 ರೂಪಾಯಿ ಟಿಕೆಟ್ ಇಟ್ಟಿರಲಿಲ್ಲ ಅಷ್ಟೆ.

ಈಗ ಮೂರು ವರ್ಷದಿಂದ ನಾನೂ ಆ ಕ್ಲಬ್ಬಿನ ಸದಸ್ಯ. ತಿಂಗಳಿಗೊಂದು ಶನಿವಾರ ಇಂದಿರಾನಗರದ ಒಂದು ರೆಸ್ಟೊರೆಂಟಿನ ಮಹಡಿಯಲ್ಲಿ ಮೂವತ್ತು ಜನ ಸೇರ್ತೀವಿ. ಮೊದಲ ಒಂದು ಗಂಟೆ ಟೇಸ್ಟಿಂಗ್, ಆಮೇಲೆ ಅದೇ ವೈನುಗಳ ಜೊತೆ ಊಟ. ಗ್ಲಾಸನ್ನು ಬಿಳಿ ಕಾಗದದ ಮೇಲೆ ಓರೆ ಮಾಡಿ ಬಣ್ಣ ನೋಡಬೇಕು, ಗಿರಗಿರ ತಿರುಗಿಸಿ ಮೂಗು ಒಳಗಿಟ್ಟು ವಾಸನೆ ಹಿಡಿಯಬೇಕು, ಆಮೇಲೆ ಗುಟುಕು, ಆಮೇಲೆ ಉಗಿಯೋದು. ಉಗಿಯೋದಕ್ಕೆ ಕಾರಣ ಸರಳ. ದಿನಕ್ಕೆ ಹತ್ತಾರು ವೈನ್ ರುಚಿ ನೋಡುವ ವೃತ್ತಿಯವರು ನುಂಗುತ್ತಾ ಹೋದರೆ ಸ್ವಲ್ಪ ಹೊತ್ತಿಗೇ ನಾಲಗೆಯೂ ತೀರ್ಪೂ ಎರಡೂ ಕೈಕೊಡ್ತವೆ. "ನಾವಿಲ್ಲಿ ಕುಡಿಯೋಕೆ ಬಂದಿಲ್ಲ, ಅಪ್ರಿಶಿಯೇಟ್ ಮಾಡೋಕೆ ಬಂದಿದೀವಿ" ಅಂತ ಕ್ಲಬ್ಬು ನಡೆಸುವವರು ಪ್ರತಿ ಸಲ ಶುರುವಿನಲ್ಲೇ ಹೇಳ್ತಾರೆ.

ನನ್ನದು ಕೋಡ್ ರಿವ್ಯೂ ಮಾಡುವ ಕೆಲಸ. ಹೇಳಿದ್ದಕ್ಕೂ ಮಾಡಿದ್ದಕ್ಕೂ ತಾಳೆ ನೋಡುವ ಚಾಳಿ ಅಂಟಿಬಿಟ್ಟಿದೆ. ಮೊದಲನೇ ವೈನಿಗೆ ಎಲ್ಲರೂ ಉಗೀತಾರೆ. ಎರಡನೇದಕ್ಕೆ ಅರ್ಧ ಜನ. ಮೂರನೇದು ಬರೋ ಹೊತ್ತಿಗೆ ಬಕೆಟ್ಟನ್ನು ಯಾರೋ ಮೇಜಿನ ಅಂಚಿಗೆ ಸರಿಸಿರ್ತಾರೆ. ಊಟಕ್ಕೆ ಕೂತ ಮೇಲೆ ಬಕೆಟ್ಟೇ ಇರೋದಿಲ್ಲ. ಗೌರಿಬಿದನೂರು ಕಡೆಯ ಹುಡುಗನೊಬ್ಬ ಅದನ್ನು ಒಳಗೆ ತಗೊಂಡು ಹೋಗಿರ್ತಾನೆ. ನಾನು ಕನ್ನಡದಲ್ಲಿ ಮಾತಾಡ್ತೀನಿ ಅಂತ ಅವನಿಗೆ ನನ್ನ ಮೇಲೆ ಸ್ವಲ್ಪ ಪ್ರೀತಿ ಜಾಸ್ತಿ, ನನ್ನ ಗ್ಲಾಸಿಗೆ ಸುರಿಯುವಾಗ ಕೈ ಕೂಡ ಸ್ವಲ್ಪ ಜಾಸ್ತಿಯೇ ಬಗ್ಗುತ್ತದೆ.

ಲೆಕ್ಕ ಹಾಕಿ ನೋಡಿದೀನಿ. ಐದು ವೈನು, ತಲಾ 50 ಮಿಲಿ, ಒಟ್ಟು 250. ಶೇ. 13 ಆಲ್ಕೋಹಾಲ್ ಅಂತ ಹಿಡಿದರೆ ಸುಮಾರು 25 ಗ್ರಾಂ ಶುದ್ಧ ಆಲ್ಕೋಹಾಲು. ಇದು ಟೇಸ್ಟಿಂಗಿನದು ಮಾತ್ರ, ಊಟದ ಜೊತೆ ಸುರಿಯೋದನ್ನು ಯಾರೂ ಅಳೆಯೋದಿಲ್ಲ. ಲೇಬಲ್ಲು, ಕಾರ್ಕು, ದ್ರಾಕ್ಷಿ ಬೆಳೆದ ಮಣ್ಣಿನ ಕತೆ ಇವೆಲ್ಲ ಯೂಸರ್ ಇಂಟರ್‌ಫೇಸ್. ಲಿವರಿಗೆ ಹೋಗಿ ಮುಟ್ಟೋದು ಪೇಲೋಡ್ ಒಂದೇ. ಆಲ್ಕೋಹಾಲಿಗೆ ಸುರಕ್ಷಿತ ಮಟ್ಟ ಅಂತ ಒಂದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಹೇಳಿದಾಗ ನಮ್ಮ ಕ್ಲಬ್ಬಿನಲ್ಲಿ ಆ ವಿಷಯ ಒಂದು ಸಂಜೆ ಚರ್ಚೆಯಾಯಿತು. ವೈನ್ ಕುಡೀತಾನೇ ಚರ್ಚೆ ಮಾಡಿದ್ವಿ.

ಇದನ್ನೆಲ್ಲ ಯಾಕೆ ಬರೀತಿದೀನಿ ಅಂದ್ರೆ, ನನಗೊಬ್ಬ ಚಿಕ್ಕಪ್ಪ ಇದ್ದ.

ನನ್ನೂರು ದೊಡ್ಡಬಳ್ಳಾಪುರ ತಾಲ್ಲೂಕಿನಲ್ಲಿದೆ. ಅಪ್ಪ, ಚಿಕ್ಕಪ್ಪ ಇಬ್ಬರಿಗೂ ಸೇರಿ ಒಂದೂವರೆ ಎಕರೆ ದ್ರಾಕ್ಷಿ ಚಪ್ಪರ. ತಳಿ ಬೆಂಗಳೂರು ಬ್ಲೂ. ಕಪ್ಪು ನೀಲಿ ಬಣ್ಣ, ದಪ್ಪ ಸಿಪ್ಪೆ, ಹಿಚುಕಿದರೆ ಪುಳಕ್ಕನೆ ಜಾರಿ ಬರುವ ತಿರುಳು, ಒಳಗೆ ಬೀಜ. ಇದಕ್ಕೆ 2013ರಲ್ಲಿ ಜಿಐ ಟ್ಯಾಗ್ ಸಿಕ್ಕಿತು. ಬೋರ್ಡೋ ಅನ್ನುವ ಪದವನ್ನು ನಾನು ಮೊದಲು ಕೇಳಿದ್ದು ಆ ಚಪ್ಪರದ ಕೆಳಗೇ. ಒಂದು ಕೆ.ಜಿ. ಮೈಲುತುತ್ತು, ಒಂದು ಕೆ.ಜಿ. ಸುಣ್ಣ, ನೂರು ಲೀಟರ್ ನೀರು. ಬೂಜು ರೋಗಕ್ಕೆ ಹೊಡೆಯುವ ಔಷಧಿ. ಚಿಕ್ಕಪ್ಪ ಬೆನ್ನಿಗೆ ಸ್ಪ್ರೇಯರ್ ಕಟ್ಟಿಕೊಂಡು ಒಳಗೆ ಹೋದರೆ ಸಂಜೆ ಹೊರಗೆ ಬರುವಾಗ ರೆಪ್ಪೆಯವರೆಗೂ ನೀಲಿ. ಕ್ಲಬ್ಬಿನಲ್ಲಿ ಮೊದಲ ಸಲ ಯಾರೋ ಮೂಗಿನಲ್ಲಿ 'ಬೋರ್ದೋ' ಅಂದಾಗ, ಗ್ಲಾಸು ಎತ್ತುವ ಮೊದಲೇ ನನಗೆ ಸುಣ್ಣ ನೆನೆಸಿದ ಡ್ರಮ್ಮಿನ ವಾಸನೆ ಬಂತು. ಆಮೇಲೆ ಓದಿ ತಿಳಿದೆ, ಎರಡೂ ಒಂದೇ ಜಾಗದ ಹೆಸರು. 1880ರ ದಶಕದಲ್ಲಿ ಆ ಸೀಮೆಯ ರೈತರು ದಾರಿಹೋಕರು ಹಣ್ಣು ಕೀಳದಿರಲಿ ಅಂತ ರಸ್ತೆ ಬದಿಯ ಬಳ್ಳಿಗಳಿಗೆ ಮೈಲುತುತ್ತು ಸುಣ್ಣ ಎರಚುತ್ತಿದ್ದರಂತೆ. ಆ ಬಳ್ಳಿಗಳಿಗೆ ಮಾತ್ರ ರೋಗ ತಗುಲಿಲ್ಲ ಅನ್ನೋದನ್ನು ಮಿಲಾರ್ಡೆ ಎಂಬ ಸಸ್ಯವಿಜ್ಞಾನಿ ಗಮನಿಸಿದ. ಕಳ್ಳರಿಗೆ ಇಟ್ಟ ಬೆದರುಬೊಂಬೆ ಔಷಧಿಯಾಗಿ ನಮ್ಮೂರವರೆಗೂ ಬಂತು.

ಚಿಕ್ಕಪ್ಪನಿಗೆ ಒಂದು ವಿದ್ಯೆ ಇತ್ತು. ಚಪ್ಪರದ ಬೇರೆ ಬೇರೆ ಮೂಲೆಯಿಂದ ಮೂರು ಹಣ್ಣು ಕಿತ್ತು ಬಾಯಿಗೆ ಹಾಕ್ಕೊಂಡು, ಸಿಪ್ಪೆ ಉಗಿದು, "ಇನ್ನ ಆರ್ ದಿನ ಇರ್ಲಿ" ಅಂತಿದ್ದ. ವ್ಯಾಪಾರಿಗಳು ಸಕ್ಕರೆ ಅಳೆಯುವ ಮಾಪಕ ತಂದು ಕಣ್ಣಿಗಿಟ್ಟು ನೋಡಿ ಹೇಳ್ತಿದ್ದಿದ್ದೂ ಹೆಚ್ಚು ಕಮ್ಮಿ ಅದೇ. ಅಂಥ ನಾಲಗೆ ನಮ್ಮ ಕ್ಲಬ್ಬಿನ ಮೂವತ್ತು ಜನದಲ್ಲಿ ಒಬ್ಬರಿಗೂ ಇಲ್ಲ, ನನ್ನನ್ನೂ ಸೇರಿಸಿ.

ಆ ನಾಲಗೆಯ ಮೇಲೇ ಅವನು ದಿನಾ ಸಂಜೆ ಪ್ಯಾಕೆಟ್ ಸಾರಾಯಿ ಸುರೀತಿದ್ದ. ಹಲ್ಲಲ್ಲಿ ಮೂಲೆ ಕಚ್ಚಿ ಹರಿದು, ಒಂದೇ ಸಲಕ್ಕೆ, ಮುಖ ಕಿವುಚಿಕೊಂಡು. ರುಚಿ ನೋಡುವ ಪ್ರಶ್ನೆಯೇ ಇಲ್ಲ, ಆದಷ್ಟು ಬೇಗ ನಾಲಗೆ ದಾಟಿಸಿಬಿಡಬೇಕು. ಅವನ ಸೈಕಲ್ ಸ್ಟ್ಯಾಂಡ್ ಹಾಕುವ ಸದ್ದಿನಲ್ಲೇ ಚಿಕ್ಕಮ್ಮನಿಗೆ ಎಷ್ಟು ಕುಡಿದಿದಾನೆ ಅಂತ ಗೊತ್ತಾಗ್ತಿತ್ತು. ಸದ್ದು ಸರಿಯಿಲ್ಲ ಅಂದ್ರೆ ಮಕ್ಕಳಿಬ್ಬರನ್ನೂ ಹಿತ್ತಲ ಬಾಗಿಲಿನಿಂದ ನಮ್ಮನೆಗೆ ಕಳಿಸ್ತಿದ್ದಳು. ನಾವು ಒಂದೇ ಚಾಪೆ ಮೇಲೆ ಮಲಗಿ, ಗೋಡೆಯಾಚೆಯ ಸದ್ದಿಗೆ ನಿದ್ದೆ ಬಂದವರ ಹಾಗೆ ನಟಿಸ್ತಿದ್ವಿ.

2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ಬಂದ್ ಆಯಿತು. ನಾನಾಗ ಪಿಯುಸಿ. ಚಿಕ್ಕಮ್ಮ ಅವತ್ತು ದೇವರಿಗೆ ತುಪ್ಪದ ದೀಪ ಹಚ್ಚಿದ್ದಳು. ಚಿಕ್ಕಪ್ಪ ಅಗ್ಗದ ವಿಸ್ಕಿಗೆ ಬದಲಾಯಿಸಿಕೊಂಡ, ಖರ್ಚು ಜಾಸ್ತಿಯಾಯಿತು, 2010ರಲ್ಲಿ ಹೋಗಿಬಿಟ್ಟ. ನನಗೆ ತುಂಬ ತಡವಾಗಿ ಗೊತ್ತಾದ ಇನ್ನೊಂದು ಸಂಗತಿ: ಅದೇ 2007ರಲ್ಲೇ ನಮ್ಮ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನೂ ತಂದಿತು. ಒಂದೇ ವರ್ಷ, ಒಂದು ಕೈಯಲ್ಲಿ ಪ್ಯಾಕೆಟ್ಟು ಕಿತ್ಕೊಂಡು ಇನ್ನೊಂದು ಕೈಯಲ್ಲಿ ಗ್ಲಾಸು ಕೊಟ್ಟ ಹಾಗೆ. ಪ್ಯಾಕೆಟ್ಟು ಕಿತ್ಕೊಂಡಿದ್ದು ಚಿಕ್ಕಪ್ಪನಿಂದ. ಗ್ಲಾಸು ಬಂದಿದ್ದು ನನ್ನ ಕೈಗೆ.

ಹಾಗಾದರೆ ನಮ್ಮಿಬ್ಬರ ಕುಡಿತಕ್ಕೂ ವ್ಯತ್ಯಾಸ ಏನು? ಕ್ಲಬ್ಬಿನ ಉತ್ತರ ಗೊತ್ತಲ್ಲ: ಅವನು ನಶೆಗೆ ಕುಡಿದ, ನಾವು ರುಚಿಗೆ.

ರುಚಿ ಅನ್ನೋದು ಬರೀ ಬೂಟಾಟಿಕೆ ಅಂತ ನಾನು ಹೇಳೋದಿಲ್ಲ. ಡೇವಿಡ್ ಹ್ಯೂಮ್ 1757ರ ತನ್ನ ಪ್ರಬಂಧವೊಂದರಲ್ಲಿ ಡಾನ್ ಕ್ವಿಕ್ಸಾಟ್ ಕಾದಂಬರಿಯ ಒಂದು ಕತೆ ತರ್ತಾನೆ. ಸಾಂಕೋನ ಸಂಬಂಧಿಕರಿಬ್ಬರು ಒಂದು ಪೀಪಾಯಿಯ ವೈನ್ ರುಚಿ ನೋಡ್ತಾರೆ. ಚೆನ್ನಾಗಿದೆ, ಆದರೆ ಸ್ವಲ್ಪ ಚರ್ಮದ ರುಚಿ ಅಂತಾನೆ ಒಬ್ಬ. ಇಲ್ಲ, ಕಬ್ಬಿಣದ್ದು ಅಂತಾನೆ ಇನ್ನೊಬ್ಬ. ಸುತ್ತ ಇದ್ದವರು ಇಬ್ಬರನ್ನೂ ಹಾಸ್ಯ ಮಾಡ್ತಾರೆ. ಪೀಪಾಯಿ ಖಾಲಿಯಾದ ಮೇಲೆ ತಳದಲ್ಲಿ ಸಿಕ್ಕಿದ್ದು ಚರ್ಮದ ದಾರ ಕಟ್ಟಿದ ಒಂದು ಹಳೇ ಬೀಗದ ಕೈ. ಅಂದರೆ ರುಚಿ ಸುಮ್ಮನೆ ಅಲ್ಲ, ಪೀಪಾಯಿಯೊಳಗೆ ನಿಜವಾಗಿಯೂ ಏನೋ ಇರುತ್ತೆ. ಚಿಕ್ಕಪ್ಪನ 'ಆರ್ ದಿನ'ದ ಹಾಗೆ.

ಆದರೆ ನಾಲಗೆ ಮೋಸವನ್ನೂ ಹೋಗುತ್ತೆ. 2001ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಬೋರ್ದೋದ 54 ವಿದ್ಯಾರ್ಥಿಗಳಿಗೆ ಬಿಳಿ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ ಕೊಟ್ಟರು. ಅವರು ಅದನ್ನು ಕೆಂಪು ವೈನಿನ ಪದಗಳಲ್ಲೇ ವರ್ಣಿಸಿದರು. ನಮ್ಮಲ್ಲೂ ಒಂದ್ಸಲ ತಮಾಷೆಗೆ ಬಾಟಲಿಗೆ ಬಟ್ಟೆ ಸುತ್ತಿ, ಬೆಂಗಳೂರು ಬ್ಲೂ ದ್ರಾಕ್ಷಿಯಿಂದ ಮಾಡಿದ ಅಗ್ಗದ ಪೋರ್ಟ್ ವೈನ್ ಕೊಟ್ಟರು. ಗ್ಲಾಸು ಮೂಗಿಗೆ ಬಂದ ತಕ್ಷಣ ನನಗೆ ಗೊತ್ತಾಯಿತು. ಕೊಯ್ಲಿನ ದಿನ ನಮ್ಮ ಜಗಲಿಯ ತುಂಬ ಇರ್ತಿದ್ದ ವಾಸನೆ, ಕ್ರೇಟುಗಳ ವಾಸನೆ, ಚಿಕ್ಕಪ್ಪನ ಅಂಗಿಯ ವಾಸನೆ. ಅಷ್ಟರಲ್ಲಿ ಒಬ್ಬರು "ಓಹ್, ಫಾಕ್ಸಿ!" ಅಂದರು. ಎಲ್ಲರೂ ನಕ್ಕರು. ಅಮೆರಿಕದ ಲಬ್ರುಸ್ಕಾ ಜಾತಿಯ ರಕ್ತ ಇರುವ ದ್ರಾಕ್ಷಿಗಳ ವಾಸನೆಗೆ ವೈನ್ ಲೋಕದಲ್ಲಿ ಆ ಹೆಸರು, ಅದು ಅಲ್ಲಿ ಒಂದು ದೋಷ. ನರಿ ನಾತ ಅಂದುಕೊಳ್ಳಿ. ನಾನೂ ನಕ್ಕೆ. ಪುಸ್ತಕದಲ್ಲಿ 'ಫಾಕ್ಸಿ' ಅಂತ ಬರೆದುಕೊಂಡು ಹತ್ತಕ್ಕೆ ಮೂರು ಅಂಕ ಕೊಟ್ಟೆ.

ಇಲ್ಲಿಗೆ ನಿಲ್ಲಿಸಿ, ಎಲ್ಲ ಒಂದೇ, ದುಡ್ಡಿದ್ದವನ ಕುಡಿತಕ್ಕೆ ಹೆಸರು ಬೇರೆ ಅಷ್ಟೇ ಅಂತ ಷರಾ ಬರೆದುಬಿಡಬಹುದಿತ್ತು. ಬಹಳ ದಿನ ನಾನು ಹಾಗೇ ಅಂದ್ಕೊಂಡಿದ್ದೆ. ನನ್ನನ್ನು ನಾನೇ ಬೈದುಕೊಂಡ ಸಮಾಧಾನವೂ ಸಿಗ್ತಿತ್ತು, ಮುಂದಿನ ತಿಂಗಳ ಟಿಕೆಟ್ಟೂ ಬುಕ್ ಆಗ್ತಿತ್ತು. ಅಮ್ಮ ಸಂಕ್ರಾಂತಿಗೆ ಬೆಂಗಳೂರಿಗೆ ಬರುವವರೆಗೆ.

ಬಂದವಳು ಅಡುಗೆಮನೆಯಲ್ಲಿ ನನ್ನ ಗ್ಲಾಸು ನೋಡಿದಳು.

"ಏನೋ ಇದು, ಇಷ್ಟ್ ದೊಡ್ ಲೋಟ?"

"ವೈನಿಂದಮ್ಮ."

"ಕುಡೀತೀಯ?"

"ರುಚಿ ನೋಡ್ತೀವಿ. ಬಾಯಿಗ್ ಹಾಕ್ಕೊಂಡು ಉಗೀತೀವಿ."

"ಉಗಿಯಕ್ಕೆ ದುಡ್ ಕೊಡ್ತೀರಾ?" ಅಂತ ನಕ್ಕಳು. ಆಮೇಲೆ ನಗು ನಿಲ್ಲಿಸಿ, "ಎಲ್ಲಾ ಉಗೀತೀಯ?"

ನಾನು ಮಾತಾಡಲಿಲ್ಲ.

"ಅವಳ ಎದುರ್ಗೇ ಕುಡೀತೀಯ?"

"ಹೂಂ. ಒಂದೊಂದ್ಸಲ ಅವಳೂ ಬರ್ತಾಳೆ."

"ಅವಳ್ಗೆ ಭಯ ಆಗಲ್ವಾ?"

"ಭಯ ಯಾಕಮ್ಮ? ಇಲ್ಲಪ್ಪ."

"ಹಂಗಾದ್ರೆ ಸರಿ ಬಿಡು" ಅಂದವಳೇ ಗ್ಲಾಸು ತೊಳೆದು ಬೋರಲು ಹಾಕಿದಳು.

ಎಷ್ಟು ಕುಡೀತೀಯ ಅಂತ ಅವಳು ಕೇಳಲಿಲ್ಲ. ಯಾವುದು, ಎಷ್ಟು ದುಡ್ಡಿಂದು, ಯಾರ ಜೊತೆ, ಯಾವುದೂ ಇಲ್ಲ. ರುಚಿ, ನಶೆ, ಜಾತಿ, ವರ್ಗ ಅಂತ ನಾನು ಮೂರು ವರ್ಷ ಗುಣಿಸಿ ಭಾಗಿಸಿದ ಯಾವ ಲೆಕ್ಕವೂ ಅವಳಿಗೆ ಬೇಕಿರಲಿಲ್ಲ. ಕುಡಿತವನ್ನು ಕುಡಿಯುವವನ ಬಾಯಿಂದ ಅಳೆಯೋದನ್ನು ಅವಳು ಯಾವತ್ತೋ ಬಿಟ್ಟಿದ್ದಳು. ಗೋಡೆಯಾಚೆ ಕೂತವಳಲ್ಲವೇ? ಸೈಕಲ್ ಸ್ಟ್ಯಾಂಡಿನ ಸದ್ದಿಗೆ ಕಿವಿ ಕೊಟ್ಟವರಿಗೆ ಮಾತ್ರ ಬರುವ ಪ್ರಶ್ನೆ ಅದು. ಆ ಪ್ರಶ್ನೆಗೆ ಚಿಕ್ಕಪ್ಪನನ್ನು ನಿಲ್ಲಿಸಿದರೆ ಅವನು ಬಡವ, ದಣಿದಿದ್ದ, ಬೆನ್ನೆಲ್ಲ ನೀಲಿಯಾಗಿತ್ತು ಅನ್ನೋದೆಲ್ಲ ನಿಜ, ಆದರೂ ಅವನು ಪಾಸಾಗೋದಿಲ್ಲ. ಅವನ ಪರವಾಗಿ ನಾನು ಕಟ್ಟಿದ 'ಎಲ್ಲ ಒಂದೇ' ಅನ್ನೋ ವಾದದಲ್ಲಿ ಚಿಕ್ಕಮ್ಮ ಎಲ್ಲಿದ್ದಳು?

ಸರಿ, ನಾನು ಪಾಸಾಗ್ತೀನಾ? ಅಮ್ಮನಿಗೆ ಥಟ್ಟನೆ 'ಇಲ್ಲಪ್ಪ' ಅಂದಿದ್ದೆ. ರಾತ್ರಿ ಮಲಗಿದಾಗ ಹಿಂದಿನ ವರ್ಷದ ಒಂದು ಶನಿವಾರ ನೆನಪಾಯಿತು. ಊಟ ಮುಗಿದು ಕ್ಯಾಬಿನಲ್ಲಿ ಬರ್ತಿದ್ವಿ. ಡ್ರೈವರ್ ಫ್ಲೈಓವರ್ ತಪ್ಪಿಸಿದ. ನಾನು ಕೂಗಾಡಿದೆ. ಆಫೀಸಿನಲ್ಲಿ ಯಾರೂ ಕೇಳಿರದ ಊರಿನ ಬೈಗುಳ ಬಂತು, ಮುಂದಿನ ಸೀಟಿನ ಬೆನ್ನಿಗೆ ಎರಡು ಸಲ ಗುದ್ದಿದೆ. ಹೆಂಡತಿ ಬಾಗಿಲಿನ ಹಿಡಿ ಹಿಡ್ಕೊಂಡು ಕೂತಿದ್ದಳು. ಆಮೇಲೆ ಎರಡು ದಿನ ಎಷ್ಟು ಬೇಕೋ ಅಷ್ಟೇ ಮಾತು. ಮೂಡ್ ಸರಿಯಿಲ್ಲ ಅಂದ್ಕೊಂಡಿದ್ದೆ.

ಅಮ್ಮ ಊರಿಗೆ ಹೋದ ಮೇಲೂ ಕೇಳೋಕೆ ನನಗೆ ಮೂರು ವಾರ ಬೇಕಾಯಿತು. ಹೆಂಡತಿ ಬಟ್ಟೆ ಮಡಚ್ತಿದ್ದಳು.

"ನಾನು ಕುಡಿದಾಗ ನಿನಗೆ ಯಾವತ್ತಾದ್ರೂ ಭಯ ಆಗಿದ್ಯಾ?"

"ಅವತ್ತೊಂದಿನ ಆಯ್ತು" ಅಂದಳು. ಯಾವತ್ತು ಅಂತ ಇಬ್ಬರೂ ಹೇಳಲಿಲ್ಲ. "ಹೊಡೀತೀಯ ಅಂತೇನಲ್ಲ. ನೀನು ಯಾರು ಅಂತ ಒಂದು ನಿಮಿಷ ಗೊತ್ತಾಗ್ಲಿಲ್ಲ."

ಕ್ಲಬ್ಬು ಬಿಟ್ಟುಬಿಟ್ಟೆ ಅಂತ ಬರೆದರೆ ಓದೋಕೆ ಚೆನ್ನಾಗಿರುತ್ತೆ, ಆದರೆ ಬಿಟ್ಟಿಲ್ಲ. ವೈನ್ ನನಗೆ ಇಷ್ಟ. ನಂದಿ ಬೆಟ್ಟದ ತಪ್ಪಲಿನ ಶಿರಾಜ್‌ನಲ್ಲಿ ಮೆಣಸಿನ ಖಾರ ಸಿಕ್ಕಾಗ ಆಗುವ ಖುಷಿ ಸುಳ್ಳಲ್ಲ. ಹೋದ ತಿಂಗಳು ಒಂದು ಪ್ರಯೋಗ ಮಾಡಿದೆ ಅಷ್ಟೆ. ನಾವು ರುಚಿಗೆ ಬಂದಿದೀವಿ ಅನ್ನೋದು ನಿಜವೇ ಆಗಿದ್ದರೆ ಐದಕ್ಕೆ ಐದನ್ನೂ ಉಗಿಯೋಣ, ಊಟದ ಜೊತೆಯದನ್ನೂ ಉಗಿಯೋಣ ಅಂತ. ಎರಡನೇ ಗ್ಲಾಸಿನವರೆಗೆ ಸಲೀಸು. ಮೂರನೇದರಿಂದ ಗಂಟಲು ತಾನಾಗೇ ಕೇಳೋಕೆ ಶುರುಮಾಡಿತು. ನಾಲ್ಕನೇದರಲ್ಲಿ ಒಂದು ಗುಟುಕು ಒಳಗೆ ಹೋಗಿಯೇಬಿಟ್ಟಿತು, ತಪ್ಪಿ ಹೋಯಿತು ಅಂತ ನನಗೆ ನಾನೇ ಹೇಳಿಕೊಂಡೆ. ಪಕ್ಕದವರು "ಆ್ಯಂಟಿಬಯಾಟಿಕ್ ಕೋರ್ಸಾ?" ಅಂತ ಕೇಳಿದರು. ರುಚಿಯೆಲ್ಲ ಸಿಕ್ಕಿತು, ಬರೆದುಕೊಂಡ ಟಿಪ್ಪಣಿಯೂ ಯಾವತ್ತಿಗಿಂತ ಉದ್ದ. ಆದರೂ ಒಂಬತ್ತೂವರೆ ಹೊತ್ತಿಗೆ ಮೇಜಿನ ನಗು ನನ್ನನ್ನು ಬಿಟ್ಟು ಮುಂದೆ ಹೋಗಿತ್ತು. ಯಾರ ಜೋಕಿಗೂ ನಗು ಬರ್ತಿರಲಿಲ್ಲ. ಗಡಿಯಾರ ನೋಡಿದೆ. ಮೂರು ವರ್ಷದಲ್ಲಿ ಅಲ್ಲಿ ಗಡಿಯಾರ ನೋಡಿದ್ದು ಅದೇ ಮೊದಲು.

ಗೌರಿಬಿದನೂರಿನ ಹುಡುಗ ಬಕೆಟ್ಟು ಎತ್ತೋಕೆ ಬಂದ. ಉಳಿದ ಮೇಜಿನವನ್ನು ಒಂದು ಬೆರಳಿನಲ್ಲಿ ನೇತು ಹಾಕ್ಕೊಂಡು ಬಂದಿದ್ದವನು ನನ್ನದಕ್ಕೆ ಎರಡೂ ಕೈ ಹಾಕಬೇಕಾಯಿತು. ಬಗ್ಗಿ, ಯಾರಿಗೂ ಕೇಳದ ಹಾಗೆ ಮೆಲ್ಲಗೆ ಕೇಳಿದ:

"ಯಾಕ್ ಸಾರ್, ಇವತ್ತು ಚೆನ್ನಾಗಿರ್ಲಿಲ್ವಾ?"